ಬೂದಿ ಗೆರೆಯ ಈಚೆ

ನನ್ನ ಬಾಯಿ ಮೊದಲಿನಿಂದಲೂ ಜೋರು. ಸೊಸೆ ದುರುಗವ್ವ ಮನೆಗೆ ಕಾಲಿಟ್ಟ ದಿನದಿಂದ ಅವಳನ್ನು ಬೈದವಳೇ. ಮಗ ತೀರಿಕೊಂಡ ಮೇಲೂ ಬಿಡಲಿಲ್ಲ. ನಿಜಾಮರ ಆಳಿಕೆ ಇನ್ನೂ ಇದ್ದ ಆ ವರ್ಷ ನಮ್ಮೂರಲ್ಲಿ ಇಲಿ ಸತ್ತು ಬಿದ್ದವು. ಪ್ಲೇಗು ಬಂತೆಂದು ಕುಷ್ಟಗಿ ದಾರಿಯ ಹೊಲಗಳಲ್ಲಿ ಊರಿಗೆ ಊರೇ ಗುಡಿಸಲು ಹಾಕಿತು. ಎಂಟನೆಯ ದಿನ ದುರುಗವ್ವನ ತೊಡೆಸಂದಿಯಲ್ಲಿ ಗಡ್ಡೆ ಎದ್ದಿತು.

ಅಂಥವರನ್ನು ದೂರದ ಗುಡಿಸಲಿಗೆ ಹಾಕಿ, ಮುಂದೆ ಬೂದಿಯ ಗೆರೆ ಎಳೆಯುತ್ತಿದ್ದರು. ಗೆರೆಯಾಚೆಯ ಗಡಿಗೆಗೆ ಅಂಬಲಿ ಸುರಿದು, ಮಾತಾಡದೆ, ತಿರುಗಿ ನೋಡದೆ ಬರಬೇಕು. ನಾನೂ ಹಾಗೇ ಮಾಡಿದೆ. ನನಗೂ ಬಂದರೆ, ನನ್ನನ್ನು ಆಯಿ ಎಂದು ಕರೆಯುವ ಮೂರು ವರ್ಷದ ಮೊಮ್ಮಗಳು ಹುಲಿಗಿಗೆ ಯಾರು ದಿಕ್ಕು? ಅವಳಿಗೆ, "ನಿಮ್ಮವ್ವ ತವರಿಗೆ ಹೋಗ್ಯಾಳ" ಎಂದು ಹೇಳಿದ್ದೆ.

ಒಂದು ಮಧ್ಯಾಹ್ನ ನೋಡುತ್ತೇನೆ, ಹುಲಿಗಿ ಒಲೆಯ ಬೂದಿಯಿಂದ ನೆಲದ ಮೇಲೆ ಗೆರೆ ಎಳೆದಿದ್ದಾಳೆ. ಆಚೆ ಒಂದು ಜೋಳದ ದಂಟನ್ನು ಮಲಗಿಸಿದ್ದಾಳೆ. ನನ್ನ ಹಳೆಯ ಸೀರೆಯ ತುಂಡನ್ನು ತಲೆಗೆ ಹೊದ್ದು, ನನ್ನಂತೆ ಸೊಂಟ ಹಿಡಿದು ನಡೆದು, ಚಿಪ್ಪಿನಿಂದ ಮಣ್ಣು ಸುರಿದು, ಗೊಣಗುತ್ತ ತಿರುಗಿ ಬಂದಳು. ನನ್ನನ್ನೇ ಅಣಕಿಸುತ್ತಾಳೆಂದು ಸಿಟ್ಟು ನೆತ್ತಿಗೇರಿತು. ಕೈ ಎತ್ತಿದೆ.

ಅಷ್ಟರಲ್ಲಿ ಅವಳು ಸೀರೆಯ ತುಂಡು ಕಿತ್ತೊಗೆದು, ಓಡಿಹೋಗಿ ಗೆರೆಯ ಈಚೆ ಕುಕ್ಕರುಗಾಲಿನಲ್ಲಿ ಕುಳಿತಳು.

"ಅಂಜಬ್ಯಾಡವ್ವಾ. ಆಯಿ ಹೋದ್ಲು. ನಾ ಇಲ್ಲೇ ಅದೀನಿ."

ಎತ್ತಿದ ಕೈ ಇಳಿಯಿತು. ನನ್ನ ಹಿಂದೆ ಬಂದು ನೋಡಿರಬೇಕು, ಆ ಕೂಸಿಗೆ ಎಲ್ಲ ಗೊತ್ತಿತ್ತು. ನನಗೆ ಭಾರಿ ನಾಚಿಕೆಯಾಯಿತು.

ಆ ಸಂಜೆ ಅಂಬಲಿ ಸುರಿದವಳು ತಿರುಗಲಿಲ್ಲ. ಗೆರೆಯ ಈಚೆ ಕುಳಿತೆ.

"ದುರುಗವ್ವ, ನಾ ಇಲ್ಲೇ ಅದೀನಿ."

ಒಳಗಿಂದ ದನಿ ಬಂತು. "ಅತ್ತಿ, ಇವತ್ತ ಬೈಯಂಗಿಲ್ಲೇನ್ರಿ?"

"ಆರಾಮಾಗಿ ಎದ್ದು ಬಾ, ಬೈತೀನಿ."

"ಕೂಸು ಏನ್ ಮಾಡಾಕತ್ತೈತ್ರಿ?"

ಹುಲಿಗಿಯ ಆಟವನ್ನೆಲ್ಲ ಹೇಳಿದೆ. ಅವಳು ನಕ್ಕಳೋ ಅತ್ತಳೋ, ತಟ್ಟಿಯ ಮರೆಯಲ್ಲಿ ತಿಳಿಯಲಿಲ್ಲ. ಎರಡು ದಿನ ಹಾಗೇ ಕುಳಿತು ಮಾತಾಡಿದೆವು. ಮೂರನೆಯ ದಿನ ಬೆಳಿಗ್ಗೆ ಹೋದರೆ ಹಿಂದಿನ ಸಂಜೆಯ ಅಂಬಲಿ ಗಡಿಗೆಯಲ್ಲಿ ಹಾಗೇ ಇತ್ತು. ಕರೆದೆ. ಉತ್ತರ ಬರಲಿಲ್ಲ.

ವಾಪಸು ಬಂದು ನಮ್ಮ ಗುಡಿಸಲಿನ ಬಾಗಿಲಲ್ಲಿ ಕುಳಿತೆ. ಹುಲಿಗಿ ನನ್ನ ಮುಖ ನೋಡಿದಳು. ದಂಟನ್ನು ತಂದು ನನ್ನ ಮಡಿಲಲ್ಲಿ ಮಲಗಿಸಿದಳು. ಆ ಸೀರೆಯ ತುಂಡನ್ನು ನನ್ನ ಹೆಗಲಿಗೆ ಹೊದಿಸಿ, ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತಳು.

"ಅಂಜಬ್ಯಾಡ ಆಯಿ," ಅಂದಳು. "ನಾ ಇಲ್ಲೇ ಅದೀನಿ."