ಅಟ್ಟದ ಕೋಣೆಯ ಧಗೆ

ರಾಮಪ್ರಸಾದನಿಗೆ ಸಂಬಳ ಬರುತ್ತಿದ್ದುದೇ ಬಿಸಿಲಿನಿಂದ. ಮರಳುಗಾಡಿನ ನಗರವೊಂದು ರಾತ್ರಿಯಾದರೂ ಯಾಕೆ ತಣಿಯುವುದಿಲ್ಲ ಎಂದು ಲಂಡನ್ನಿನ ಆಫೀಸಿನಲ್ಲಿ ಕೂತು ಲೆಕ್ಕ ಹಾಕುವುದು ಅವನ ಕೆಲಸ. ಊರಾಚೆಯ ಮರಳು ಕತ್ತಲಾಗುತ್ತಲೇ ಆರುತ್ತದೆ; ಊರೊಳಗಿನ ಕಾಂಕ್ರೀಟು, ಡಾಂಬರು ಹಗಲೆಲ್ಲ ಕುಡಿದ ಕಾವನ್ನು ಇರುಳೆಲ್ಲ ಕಕ್ಕುತ್ತವೆ. ಅವನ ನಕ್ಷೆಯಲ್ಲಿ ಮರಳು ನೀಲಿ, ಊರು ಕೆಂಪು.

೨೦೦೩ರ ಆಗಸ್ಟಿನಲ್ಲಿ ಲಂಡನ್ನೂ ಕಾದಿತು. ಗುಲ್ಬರ್ಗಾದಿಂದ ಮಗಳ ಮನೆಗೆ ಬಂದಿದ್ದ ಅತ್ತೆ ಶಿವಕ್ಕನಿಗೆ ಲಂಡನ್ನಿನ ಕೆಂಟನ್ ಬಡಾವಣೆಯ ಆ ಮನೆಯಲ್ಲಿ ಸಿಕ್ಕಿದ್ದು ಹೆಂಚಿನ ಕೆಳಗಿನ ಅಟ್ಟದ ಕೋಣೆ. ಬೇಸಗೆಯೆಂದರೆ ಮಾಳಿಗೆಗೆ ನೀರು ಚಿಮುಕಿಸಿ ಬಯಲಲ್ಲಿ ಮಲಗುತ್ತಿದ್ದವರು ಅವರು. ಇಲ್ಲಿ ಬೆಳಿಗ್ಗೆ ಇಳಿದು ಬಂದು, ಗೋಡೆ ಇನ್ನೂ ಆರಿಲ್ಲ, ಉಸಿರು ಕಟ್ಟುತ್ತದೆ ಎಂದರು. ಗುಲ್ಬರ್ಗಾದವರಿಗೂ ಲಂಡನ್ನಿನಲ್ಲಿ ಸೆಕೆಯೇ ಎಂದು ಮಗಳು ಗುರುದೇವಿಯೇ ನಕ್ಕಳು.

ಭಾನುವಾರ ಹತ್ತಿರದ ಪಿನ್ನರ್ ಬಡಾವಣೆಯ ಗೆಳೆಯರ ಮನೆಯಲ್ಲಿ ಶ್ರಾವಣದ ಊಟ. ಹೋಳಿಗೆಯ ನಂತರ ಎಂದಿನಂತೆ ರಾಮಪ್ರಸಾದನ ಮಿಮಿಕ್ರಿಗೆ ಬೇಡಿಕೆ ಬಂತು. ಟ್ಯೂಬ್ ರೈಲಿನ ಘೋಷಣೆಯಾಯಿತು, ಬಾಸ್ ಕೆಮ್ಮುವುದಾಯಿತು. ಆಮೇಲೆ ಟವೆಲನ್ನು ಸೆರಗಿನಂತೆ ತಲೆಗೆ ಹೊದ್ದು, ತಟ್ಟೆಯಿಂದ ಗಾಳಿ ಬೀಸಿಕೊಳ್ಳುತ್ತ, ಅತ್ತೆಯ ದನಿಯಲ್ಲೇ ನರಳಿದ:

"ಯಪ್ಪಾ, ಎಂಥಾ ಧಗಿ ಅದವ್ವಾ ಇಲ್ಲಿ. ನಮ್ಮ ಗುಲ್ಬರ್ಗಾನೇ ಫ್ರಿಜ್ಜು."

ಅವರದು ಧಗೆ, ಇವರಿಗೆಲ್ಲ ನಗೆ. ಶಿವಕ್ಕನೂ ಬಾಯಿಗೆ ಸೆರಗು ಹಿಡಿದು ನಕ್ಕರು. ಮತ್ತೆ ಅವರು ಸೆಕೆಯ ಮಾತೆತ್ತಲಿಲ್ಲ. ಒಗ್ಗಿಕೊಂಡರು ಎಂದುಕೊಂಡ ಅಳಿಯ.

ಬುಧವಾರ ಬೆಳಿಗ್ಗೆ ಅವರು ಚಹಾಕ್ಕೆ ಇಳಿದು ಬರಲಿಲ್ಲ. ಗುರುದೇವಿ ಹತ್ತಿ ನೋಡಿದರೆ ನೆಲದ ಮೇಲೆ ಬಿದ್ದಿದ್ದರು, ಮೈ ಕೆಂಡ. ಆಂಬ್ಯುಲೆನ್ಸಿಗೆ ಕಾಯುತ್ತ ರಾಮಪ್ರಸಾದ ಗೋಡೆಯ ಮೇಲೆ ಕೈಯಿಟ್ಟ. ಇಡೀ ರಾತ್ರಿ ಕಳೆದಿದ್ದರೂ ಬಿಸಿ ಬಿಟ್ಟಿರಲಿಲ್ಲ. ದಿನವೂ ನಕ್ಷೆಯಲ್ಲಿ ತಾನು ಕೆಂಪು ಬಳಿಯುವುದು ಇಂಥ ಗೋಡೆಗೇ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಮೇಲೆ, ಸಂಜೆಯ ಹೊತ್ತಿಗೆ ಶಿವಕ್ಕನಿಗೆ ಮಾತು ಬಂತು. ಇಷ್ಟಾಗುವವರೆಗೆ ಯಾಕೆ ಯಾರಿಗೂ ಹೇಳಲಿಲ್ಲವೆಂದು ಕೇಳಿ ಎಂದರು ಡಾಕ್ಟರು. ಅವನು ಕನ್ನಡದಲ್ಲಿ ಕೇಳಿದ.

"ಹೇಳಿದ್ದೆನಲ್ರಿ ಅಳಿಯಂದ್ರ," ಎಂದರು ಶಿವಕ್ಕ. "ನೀವು ಅದನ್ನ ಮಾಡಿ ತೋರಿಸಿದ್ರಿ, ಎಲ್ಲಾರೂ ನಕ್ಕರು. ಮತ್ತ ಹೇಳಿದ್ರ ಮತ್ತ ನಗ್ತಾರ ಅಂತ ಸುಮ್ಮನಾದೆ."

ದನಿಯಲ್ಲಿ ದೂರೇ ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ಡಾಕ್ಟರು ಪೆನ್ನು ಹಿಡಿದು ಕಾಯುತ್ತಿದ್ದರು. ಯಾರ ದನಿಯನ್ನಾದರೂ ತೆಗೆಯುವವನು ಅತ್ತೆಯ ಈ ಮಾತನ್ನು ಮಾತ್ರ ತೆಗೆಯಲಿಲ್ಲ. ನಮಗೆ ತೊಂದರೆಯಾಗಬಾರದೆಂದು ಸುಮ್ಮನಿದ್ದರಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಡಾಕ್ಟರು ಬರೆದುಕೊಂಡು ಹೋದರು.

"ಎಲ್ಲಾ ಹೇಳಿದ್ರೇನು?" ಎಂದರು ಶಿವಕ್ಕ.

"ಹೇಳಿದೆ ಅತ್ತೆ."

ಮಂಚದ ಆಚೆ ಬದಿಗೆ, ಎರಡೂ ಭಾಷೆ ಬಲ್ಲ ಗುರುದೇವಿ ನಿಂತಿದ್ದಳು. ಅವನು ಆ ಕಡೆ ತಲೆಯೆತ್ತಲಿಲ್ಲ.