ಬುಗುರಿ ಹುಟ್ಟಿದ ವರ್ಷದ ನಾಣ್ಯಗಳು

ನಾಣ್ಯ ಪ್ರದರ್ಶನದ ಕೊನೆಯ ದಿನ, ಮೂಲೆಯ ಮೇಜಿನ ಮುಂದೆ ನಿಂತು ಅವಳು ಒಂದು ಹಳೆಯ ವರ್ಷದ ಪ್ರೂಫ್ ಸೆಟ್ ಕೇಳಿದಳು. ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸ ಅವಳದು. ರಜೆ ಸಿಕ್ಕಾಗಲೆಲ್ಲ ಇಂಥ ಕಡೆ ಬರುತ್ತಿದ್ದಳು. ಖರ್ಚು ಮಾಡಲಿಕ್ಕಲ್ಲ, ಸಂಗ್ರಹಿಸಿಡಲಿಕ್ಕೆಂದೇ ಕನ್ನಡಿಯಂತೆ ಹೊಳೆಯಿಸಿ ಡಬ್ಬಿಯಲ್ಲಿಟ್ಟು ಮಾರುವ ಆ ನಾಣ್ಯಗಳು ಅವಳ ಬೀರುವಿನಲ್ಲಿ ವರ್ಷವಾರು ಸಾಲಾಗಿ ಕೂತಿದ್ದವು. ಒಂದು ವರ್ಷದ್ದು ಮಾತ್ರ ಇರಲಿಲ್ಲ.

"ನಿಮಗೂ ಅದೇನಾ?" ವ್ಯಾಪಾರಿ ನಕ್ಕ. "ಇರೋದು ಒಂದೇ. ಈಗ ತಾನೇ ಇವರೂ ಅದನ್ನೇ ಕೇಳಿದ್ರು. ಇಬ್ಬರೂ ಜಗಳ ಆಡಿ ಮುಗಿಸಿ, ಗೆದ್ದವರಿಗೆ ಕೊಡ್ತೀನಿ."

ಪಕ್ಕದಲ್ಲಿದ್ದವನು ತಿರುಗಿದ. ತಲೆಗೂದಲು ಅರ್ಧ ಹೋಗಿತ್ತು. ಆದರೂ ಗುರುತು ಸಿಗದಿರಲು ಸಾಧ್ಯವೇ? ಒಂದು ಕಾಲಕ್ಕೆ ಅವಳ ಗಂಡನಾಗಿದ್ದವನು.

ಅವರಿಗೊಂದು ಹೆಣ್ಣು ಮಗು ಹುಟ್ಟಿತ್ತು. ಮಲಗಿಸಿದಲ್ಲಿ ಮಲಗದೆ ಗಿರಗಿರ ಹೊರಳುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅದು ಬುಗುರಿ. ನಾಣ್ಯದ ಹುಚ್ಚಿದ್ದ ಅವಳ ಅಪ್ಪ ಮೊಮ್ಮಗಳಿಗೆಂದು ಆ ವರ್ಷದ ಸೆಟ್ ತಂದುಕೊಟ್ಟಿದ್ದರು. ವರ್ಷ ತುಂಬುವ ಮೊದಲೇ ಜ್ವರ ಮಗುವನ್ನು ತೆಗೆದುಕೊಂಡು ಹೋಯಿತು. ಆಮೇಲೆ ಆ ಮನೆಯಲ್ಲಿ ಮಾತೆಂದರೆ ಚುಚ್ಚುಮಾತೇ. ಕೊನೆಗೆ ಸಾಮಾನು ಹಂಚಿಕೊಂಡು ತಮ್ಮ ತಮ್ಮ ದಾರಿ ಹಿಡಿದರು.

"ನಿಮಗ್ಯಾಕೆ ಇದು?" ಅವಳ ದನಿ ಗಡುಸಾಯಿತು. "ಬುಗುರೀದು ನಿಮ್ಮ ಹತ್ರಾನೇ ಇದೆಯಲ್ಲ."

"ನನ್ನ ಹತ್ರ? ನೀನಲ್ವಾ ತಗೊಂಡು ಹೋಗಿದ್ದು?"

"ನಾನೆಲ್ಲಿ ತಗೊಂಡೆ! ನೀವು ಎತ್ಕೊಂಡು ಹೋದ್ರಿ ಅಂತ ಇಷ್ಟು ವರ್ಷ ನಿಮಗೆ ಹಿಡಿಶಾಪ ಹಾಕಿದ್ದೀನಿ."

ಅವನು ಮೇಜಿನ ಅಂಚು ಹಿಡಿದುಕೊಂಡ. "ನಿನ್ನ ಹತ್ರ ಭದ್ರವಾಗಿರುತ್ತೆ ಅಂತ ನಾನು ನೆಮ್ಮದಿಯಾಗಿದ್ದೆ ಕಣೇ. ನನಗೂ ಅಂಥದ್ದೊಂದು ಇರಲಿ ಅಂತ ಬಂದೆ, ಅಷ್ಟೇ."

ಹಾಗಾದರೆ ಅದು ಹೋಯಿತೆಲ್ಲಿ? ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಗುಜರಿಗೆ ಹೋಯಿತೋ, ಯಾರ ಪಾಲಾಯಿತೋ. ಕೇಳಲು ಇಬ್ಬರಿಗೂ ಯಾರೂ ಉಳಿದಿರಲಿಲ್ಲ.

ಇದೇನೂ ತಿಳಿಯದ ವ್ಯಾಪಾರಿ ಡಬ್ಬಿ ತೆರೆದಿಟ್ಟ. "ನೋಡಿ ಮೇಡಂ, ಒಂದೇ ಒಂದು ಬೆರಳಚ್ಚೂ ಇಲ್ಲ. ಕೈ ತಾಗಿತೋ, ಇದರ ಕಥೆ ಮುಗೀತು."

ಅವಳು ನೋಡಿದಳು. ಮಗುವಿಗೆ ಸೆಟ್ ತಂದ ದಿನ ಅಪ್ಪ ತಮ್ಮ ಕಟ್ಟುನಿಟ್ಟನ್ನೆಲ್ಲ ಬಿಟ್ಟು, ದೊಡ್ಡ ನಾಣ್ಯವನ್ನು ತೆಗೆದು ಮಗುವಿನ ಮುಷ್ಟಿಗೆ ಕೊಟ್ಟಿದ್ದರು. ಮಗು ನೇರ ಬಾಯಿಗಿಟ್ಟಿತ್ತು. ಹೊಳಪಿನ ಮೇಲೆ ಜೊಲ್ಲು, ಪುಟ್ಟ ಬೆರಳುಗಳ ಮಬ್ಬು ಗುರುತು. "ಹಾಳಾಯ್ತಲ್ಲಪ್ಪ" ಎಂದು ಇವಳು ಗೊಣಗಿದರೆ, "ಈಗ ಅವಳದಾಯ್ತು ಬಿಡು" ಎಂದು ಅಪ್ಪ ನಕ್ಕಿದ್ದರು.

ಅವಳು ಡಬ್ಬಿಯನ್ನು ಅವನತ್ತ ಸರಿಸಿದಳು. "ನೀವೇ ತಗೊಳ್ಳಿ. ನನಗೆ ಬೇಕಾದದ್ದು ಇದಲ್ಲ."

"ನನಗೂ ಬೇಡ" ಎಂದ.

ಹೊರಗೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತರು. ಅವನಿಗೆ ಬೇರೆ ಮದುವೆಯಾಗಿತ್ತು, ಇಬ್ಬರು ಗಂಡುಮಕ್ಕಳು. ಅವರಿಗೊಬ್ಬಳು ಅಕ್ಕ ಇದ್ದಳೆಂದು ಇನ್ನೂ ಹೇಳಿರಲಿಲ್ಲ.

"ಮಾವ ಹೇಗಿದ್ದಾರೆ?"

"ಅಪ್ಪ ಹೋಗಿ ತುಂಬಾ ದಿನ ಆಯ್ತು."

ಅವನೇ ಮತ್ತೆ ಕೇಳಿದ: "ಬುಗುರಿ ನಗುವಾಗ ಒಂದು ಕಣ್ಣು ಮುಚ್ತಿದ್ಲಲ್ಲ. ಬಲಗಣ್ಣು ತಾನೇ?"

"ಎಡಗಣ್ಣು."

"ಎಡಗಣ್ಣಾ? ನಾನು ಬಲಗಣ್ಣು ಅಂತಲೇ ನೆನೆಸ್ಕೊತಿದ್ದೆ, ನೋಡು."

ದೊಡ್ಡ ಗಂಡಸು, ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಮಗು ಸತ್ತಾಗಲೂ ಹೀಗೆ ಕೈಯಿಟ್ಟಿರಲಿಲ್ಲ. ಆ ಮಗುವನ್ನು ಎತ್ತಿ ಆಡಿಸಿದವರಲ್ಲಿ ಇನ್ನೂ ಲೋಕದಲ್ಲಿದ್ದವರು ಅವರಿಬ್ಬರೇ.

ಅವನ ಬಸ್ ಬಂತು. ಮುಖ ಒರೆಸಿಕೊಂಡು ಹತ್ತಿದ. ಅವಳು ಕೂತೇ ಇದ್ದಳು. ಅವಳ ಬಸ್ಸೂ ಬಂತು, ನಿಂತಿತು, ಹೋಯಿತು.