ಚುಕ್ಕಿ ಐದು

ಮತ್ತೆ ಹಸಿರು, ಪರದೆಯ ಮೂಲೆಯಲ್ಲಿ ಅದೇ ಸರಿ ಗುರುತು, ಬೇಕೆಂದೇ ತಪ್ಪು ಉತ್ತರ ತುರುಕಿದರೂ ಹಸಿರೇ — ಅರ್ಧ ಮಿಲಿ ಇರಬೇಕಾದ ಕಡೆ ಸಾವಿರ ಎಂದು ಬರೆದು ಓಡಿಸಿದಳು, ಅದಕ್ಕೂ ತಲೆಯಾಡಿಸಿತು, ಎಂಥ ಪರೀಕ್ಷೆ ಇದು, ಇವಳೇ ಬರೆದದ್ದು, ವೈದ್ಯರು ಬರೆದ ಔಷಧಿಯ ಪ್ರಮಾಣವೇ ಆಸ್ಪತ್ರೆಯ ಹೊಸ ಕಂಪ್ಯೂಟರ್ ಪುಟದಲ್ಲಿ ನರ್ಸಿಗೂ ಕಾಣುತ್ತದೆಯೇ ಎಂದು ನೋಡಲು, ಬ್ರೌಸರನ್ನು ತಾನೇ ಓಡಿಸುವ ಪರೀಕ್ಷಾ ಸಾಧನದಲ್ಲಿ ಅಂಥ ಹೋಲಿಕೆ ಸಿದ್ಧವಾಗಿ ಸಿಗದೆ ಕೈಯಾರೆ ಹೆಣೆದ ತಪಾಸಣೆ, ಎಷ್ಟು ಹೆಮ್ಮೆಪಟ್ಟಿದ್ದಳು, ಮತ್ತು ಪುಟ ಬೆಳಿಗ್ಗೆಯೇ ಆಸ್ಪತ್ರೆ ಸೇರಿಯಾಯಿತು, ನರ್ಸಾಗಿರುವ ತಂಗಿ ವಾರ್ಡಿನ ಫೋನಿನಿಂದಲೇ ಕರೆ ಮಾಡಿದ್ದಳು, ಅಕ್ಕ, ಅಕ್ಷರ ಎಷ್ಟು ದೊಡ್ಡದಾಗಿದೆ ಗೊತ್ತಾ, ಕಣ್ಣಿಗೆ ಹಿತ, ನೀನು ನೋಡಿದ್ದು ಅಂದ್ಮೇಲೆ ನಾನು ಕಣ್ಮುಚ್ಚಿ ನಂಬ್ತೀನಿ ಬಿಡು. ಕಣ್ಮುಚ್ಚಿ ಬೇಡ ಕಣೇ. ಹಿಂದೆ ಬಂದು ನಿಂತ ಮುಖ್ಯಸ್ಥರ ಉಸಿರಿನಲ್ಲಿ ಕಾಫಿಯ ವಾಸನೆ, ಎಲ್ಲದಕ್ಕೂ ಆಯ್ತು ಬಿಡಿ ಎನ್ನುವ ಅವರಿಗೆ ಕಚೇರಿಯವರೆಲ್ಲ ಇಟ್ಟ ಹೆಸರೇ ಆಯ್ತುಬಿಡಿ, ಹಸಿರು ಬಂದ್ರೂ ಅಳೋರನ್ನ ಇವತ್ತೇ ನೋಡಿದ್ದು ಕಣ್ರೀ, ಎಂದು ನಕ್ಕು ಹೋದರು, ನಗಲಿ, ಹೋಲಿಕೆಯ ಸಾಲುಗಳ ಒಳಗೇ, ಬಂದೆ ಎಂಬ ಮಾತೊಂದನ್ನು ಪರದೆಯಲ್ಲಿ ಮೂಡಿಸಲು ಹೇಳಿ ನೋಡೋಣ, ಓಡಿಸಿದಳು, ಪರೀಕ್ಷೆ ಮುಗಿಯಿತು ಎಂದು ಮೊದಲು ಬರುತ್ತದೆ, ಬಂದೆ ಎಂದು ಆಮೇಲೆ, ಊಟವೆಲ್ಲ ಮುಗಿದ ಮೇಲೆ ಬಂದ ನೆಂಟನ ಹಾಗೆ — ಕಾಯುತ್ತಿಲ್ಲ, ಪರೀಕ್ಷೆ ಹೋಲಿಕೆಗೆ ಕಾಯುತ್ತಲೇ ಇಲ್ಲ, ಕಾಯಬೇಕು ಎಂದು ಹೇಳುವ ಒಂದೇ ಒಂದು ಪದ ಬಿಟ್ಟುಹೋಗಿದೆ, ಸೇರಿಸಿದಳು, ಸಾವಿರವನ್ನು ತೆಗೆದು ಸರಿಯಾದ ಪ್ರಮಾಣ ಹಾಕಿ ಓಡಿಸಿದಳು, ಕೆಂಪು.

ಕೆಂಪು, ವೈದ್ಯರು ಬರೆದದ್ದು ಚುಕ್ಕಿ ಐದು, ಅಂದರೆ ಅರ್ಧ, ಚುಕ್ಕಿಗೆ ಮೊದಲು ಸೊನ್ನೆ ಇಲ್ಲದ ಕಾರಣ ಪುಟ ಚುಕ್ಕಿಯನ್ನು ನುಂಗಿ ಬರೀ ಐದು ಎನ್ನುತ್ತಿದೆ, ದೊಡ್ಡ ಅಕ್ಷರದಲ್ಲಿ, ಕಣ್ಣಿಗೆ ಹಿತವಾಗಿ, ಹತ್ತು ಪಟ್ಟು, ಸಾರ್, ಪುಟ ಹಿಂದಕ್ಕೆ ತಗೊಳ್ಳಿ ಸಾರ್, ಈಗಲೇ, ಆಯ್ತು... ಎಂದವರು ಬಿಡಿ ಎನ್ನಲಿಲ್ಲ, ಅದಕ್ಕೆ ಮೇಲಿನವರ ಒಪ್ಪಿಗೆ ಬೇಕಲ್ರೀ, ಅವರು ಮೀಟಿಂಗಲ್ಲಿದ್ದಾರೆ, ಬಾಗಿಲು ಬಡೀತೀನಿ ಇರಿ, ಎನ್ನುತ್ತ ಓಡಿದರು, ತಂಗಿಯ ಮೊಬೈಲ್ ರಿಂಗಾಗಿ ರಿಂಗಾಗಿ ಸುಮ್ಮನಾಯಿತು, ಕೆಲಸದ ಹೊತ್ತಲ್ಲಿ ಫೋನು ಬೀರುವಿನಲ್ಲಿ, ಇವಳಿಗೆ ಗೊತ್ತಿಲ್ಲವೇ, ವಾರ್ಡಿನ ನಂಬರ್ ಒತ್ತಿದಳು, ಅದು ಮಕ್ಕಳ ವಾರ್ಡು, ತಂಗಿ ಅಲ್ಲಿಗೆ ಹೊಸಬಳು, ಅಲ್ಲಿ ಅರ್ಧ ಮಿಲಿಯಾದರೆ ಹನಿ ಹಾಕುವ ನಳಿಗೆ, ಐದಾದರೆ ಪ್ಲಾಸ್ಟಿಕ್ಕಿನ ಪುಟ್ಟ ಲೋಟ, ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಗೆರೆ ನೋಡುತ್ತಾಳೆ ತಂಗಿ, ಶ್ರದ್ಧೆ ಅವಳದು, ಒಂದು ಹನಿ ಹೆಚ್ಚಲ್ಲ ಒಂದು ಹನಿ ಕಡಿಮೆಯಲ್ಲ, ಹಲೋ, ಯಾರೋ ಎತ್ತಿದರು, ಮೇಡಂ, ಅಲ್ಲಿಗೆ ಹೊಸದಾಗಿ ಬಂದಿರೋ ನರ್ಸು ನನ್ನ ತಂಗಿ, ಪುಟದಲ್ಲಿ ಕಾಣೋ ಔಷಧಿ ಲೆಕ್ಕ ತಪ್ಪು, ಯಾರಿಗೂ ಕೊಡಬೇಡಿ, ಅವಳನ್ನ ತಡೀರಿ, ಅತ್ತ ಕಡೆಯಿಂದ ಏನಮ್ಮಾ, ಮಗು ಅಳ್ತಿದೆ, ಮಿಕ್ಕದ್ದೇನೂ ಕೇಳಿಸ್ತಿಲ್ಲ, ನಿಮ್ಮ ತಂಗಿ ಔಷಧಿ ಕುಡಿಸ್ತಿದ್ದಾರೆ, ಲೈನಲ್ಲಿರಿ, ಕರೀತೀನಿ, ರಿಸೀವರ್ ಮೇಜಿಗೆ ತಾಗಿದ ಸದ್ದು, ಚಪ್ಪಲಿಯ ಸದ್ದು ದೂರವಾಗುತ್ತ, ಮೇಡಂ, ಮೇಡಂ, ಮಗುವಿನ ಅಳು, ಅಳು, ಅಳು ಥಟ್ಟನೆ ನಿಂತಿತು, ಯಾಕೆ ನಿಂತಿತು, ಬಾಯಿಗೆ ಏನೋ ಬಂದರೆ ತಾನೇ ಅಳು ನಿಲ್ಲುವುದು, ಪುಟ್ಟ ಲೋಟ, ಗೆರೆಯವರೆಗೆ ತುಂಬಿದ್ದು, ತಂಗಿಯ ಎರಡು ಬೆರಳ ನಡುವೆ, ಮಗುವಿನ ತುಟಿಗೆ ತಾಗಿದ ಲೋಟ, ವಾಲುತ್ತಿರುವ ಲೋಟ